ಕೆಲಸಗಾರ ನಮ್ಮವನೇ, ಕೆಲಸ ಪಕ್ಕದ ಕಾರ್ಖಾನೆಯಲ್ಲಿ: ನೌಕರರ ಹಂಚಿಕೆ ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ

ತುಮಕೂರಿನ ವಸಂತನರಸಾಪುರದಲ್ಲೋ ಅಂತರಸನಹಳ್ಳಿಯಲ್ಲೋ ಮೂವತ್ತು ನಲವತ್ತು ಜನರನ್ನಿಟ್ಟುಕೊಂಡು ಯಂತ್ರಭಾಗಗಳನ್ನು ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರನ್ನು ಮಾತಿಗೆಳೆದರೆ, ಆರ್ಡರು, ಕರೆಂಟು, ಬ್ಯಾಂಕ್ ಸಾಲಗಳ ಮಾತು ಮುಗಿದ ಮೇಲೆ ಬರುವ ದೂರು ಸಾಮಾನ್ಯವಾಗಿ ಒಂದೇ: ಹುಡುಗರು ನಿಲ್ಲುವುದಿಲ್ಲ. ಐಟಿಐ ಮುಗಿಸಿ ಬಂದವನಿಗೆ ಯಂತ್ರ ಹಿಡಿಯುವುದನ್ನು ಕಲಿಸಿ, ಅವನು ಕೆಡಿಸಿದ ಮಾಲನ್ನು ಸಹಿಸಿಕೊಂಡು, ಅಂತೂ ಕೈ ಪಳಗಿತು ಎನ್ನುವ ಹೊತ್ತಿಗೆ ಅವನು ಪೀಣ್ಯದ ಬಸ್ಸು ಹತ್ತಿರುತ್ತಾನೆ. ಬೆಂಗಳೂರು ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಪೀಣ್ಯ ಅದಕ್ಕಿಂತಲೂ ಹತ್ತಿರ, ಅದೂ ಇದೇ ಹೆದ್ದಾರಿಯ ಮೇಲೆ. ಕೋಲಾರದ ಕಡೆ ನರಸಾಪುರ, ವೇಮಗಲ್, ಮಾಲೂರುಗಳ ದೊಡ್ಡ ಕಂಪನಿಗಳು ಪಕ್ಕದ ಸಣ್ಣ ಘಟಕಗಳಿಂದ ಜನರನ್ನು ಸೆಳೆಯುತ್ತವೆ. ಗೌರಿಬಿದನೂರಿನವರ ಅಳಲೂ ಇದಕ್ಕಿಂತ ಬೇರೆಯಲ್ಲ.

ಇದಕ್ಕೆ ಮಾಲೀಕರು ಕೊಡುವ ಕಾರಣ ಸಂಬಳ. ಅದು ಸುಳ್ಳಲ್ಲ, ತಿಂಗಳಿಗೆ ನಾಲ್ಕು ಸಾವಿರ ಹೆಚ್ಚು ಸಿಗುವುದಾದರೆ ಯಾರಾದರೂ ಯೋಚಿಸುತ್ತಾರೆ. ಆದರೆ ಅಷ್ಟನ್ನೇ ಹಿಡಿದು ಕುಳಿತರೆ, ಅದೇ ಸಂಬಳಕ್ಕೆ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೂ ಕಂಪನಿ ಬದಲಿಸುವವರ ಲೆಕ್ಕ ತಾಳೆಯಾಗುವುದಿಲ್ಲ. ಅವರಲ್ಲಿ ಅನೇಕರು ಹೋಗುವುದು ಹೊಸ ಯಂತ್ರವೊಂದನ್ನು ಮುಟ್ಟಲಿಕ್ಕೆ. ಈ ಲೇಖನದ ವಿಷಯ ಆ ಎರಡನೆಯ ಕಾರಣ ಮತ್ತು ಅದಕ್ಕೆ ಸಣ್ಣ ಕಾರ್ಖಾನೆಗಳು ಒಟ್ಟಾಗಿ ಹುಡುಕಬಹುದಾದ ಒಂದು ದಾರಿ. ತನ್ನ ಕಾಯಂ ನೌಕರನನ್ನು ಕೆಲಸದಿಂದ ಬಿಡಿಸದೆ, ಆತನ ಒಪ್ಪಿಗೆಯಿಂದ, ನಿರ್ದಿಷ್ಟ ಅವಧಿಗೆ ಇನ್ನೊಂದು ಕಂಪನಿಯಲ್ಲಿ ದುಡಿಯಲು ಕಳುಹಿಸಿ ಮತ್ತೆ ಕರೆಸಿಕೊಳ್ಳುವುದೇ ಆ ದಾರಿ.

ಒಂದೇ ಗುಂಡಿ, ಒಂದೇ ಕಾಸ್ಟಿಂಗ್

ಸಮಸ್ಯೆಯನ್ನು ಹತ್ತಿರದಿಂದ ನೋಡಲು ಒಬ್ಬ ವಿಎಂಸಿ (ಕಂಪ್ಯೂಟರ್ ಹಿಡಿತದಲ್ಲಿ ಲೋಹ ಕೊರೆಯುವ ಯಂತ್ರ) ಆಪರೇಟರನ್ನು ಊಹಿಸಿಕೊಳ್ಳೋಣ. ಬೆಳಗಿನ ಆರು ಗಂಟೆಯ ಶಿಫ್ಟಿಗೆ ಬಂದ ಆತ, ರಾತ್ರಿ ಪಾಳಿಯವನು ಬಿಟ್ಟುಹೋದ ಫಿಕ್ಸ್‌ಚರಿನಲ್ಲೇ, ಅಂದರೆ ತುಂಡನ್ನು ಹಿಡಿದಿಡುವ ಚೌಕಟ್ಟಿನಲ್ಲೇ, ಕಾಸ್ಟಿಂಗ್ (ಎರಕದ ಲೋಹದ ತುಂಡು) ಕೂರಿಸಿ, ಕ್ಲ್ಯಾಂಪ್ ಬಿಗಿದು, ಬಾಗಿಲು ಎಳೆದು, ಹಸಿರು ಗುಂಡಿ ಒತ್ತುತ್ತಾನೆ. ಯಂತ್ರ ನಾಲ್ಕೈದು ನಿಮಿಷ ತನ್ನ ಪಾಡಿಗೆ ತಾನು ಕೊರೆಯುತ್ತದೆ. ಆಮೇಲೆ ಏರ್ ಗನ್ನಿನಿಂದ ಚಿಪ್ಸ್ ಊದಿ, ತೂತಿಗೆ ಪ್ಲಗ್ ಗೇಜ್ ಇಳಿಸಿ ನೋಡಿ, ಪೀಸನ್ನು ಟ್ರೇಗೆ ಇಟ್ಟು, ಮುಂದಿನ ಕಾಸ್ಟಿಂಗ್ ಎತ್ತಿಕೊಳ್ಳುತ್ತಾನೆ. ಪ್ರೋಗ್ರಾಂ ಬರೆದವರು ಬೇರೆ. ಟೂಲ್ ಸವೆದು ಅಳತೆ ಜಾರಿದರೆ ಆಫ್‌ಸೆಟ್ (ಯಂತ್ರಕ್ಕೆ ಕೊಡುವ ಅಳತೆಯ ತಿದ್ದುಪಡಿ) ಬದಲಿಸಲು, ಯಂತ್ರವನ್ನು ಕೆಲಸಕ್ಕೆ ಹೊಂದಿಸುವ ಸೆಟ್ಟರ್ ಬರಬೇಕು. ಪೀಸ್ ತಿರಸ್ಕೃತವಾಗಿ ವಾಪಸ್ ಬಂದರೆ ಅದು ಯಾಕೆ ಬಂತು ಎನ್ನುವುದು ಕ್ವಾಲಿಟಿಯವರಿಗೆ ಗೊತ್ತು, ಆತನಿಗೆ ಗೊತ್ತಾಗುವುದು ಬೈಗುಳ ಮಾತ್ರ. ಆ ಪೀಸ್ ಯಾವ ವಾಹನದ ಯಾವ ಭಾಗಕ್ಕೆ ಹೋಗಿ ಸೇರುತ್ತದೆ ಎನ್ನುವುದನ್ನು ಎರಡು ವರ್ಷದಲ್ಲಿ ಯಾರೂ ಅವನಿಗೆ ಹೇಳಿರುವುದಿಲ್ಲ.

ಈ ಆಪರೇಟರ್ ಮೊದಲ ಆರು ತಿಂಗಳು ಕಲಿತ, ಉಳಿದ ಹದಿನೆಂಟು ತಿಂಗಳು ಅದನ್ನೇ ತಿರುಗಿ ತಿರುಗಿ ಮಾಡಿದ. ಇನ್ನೆಲ್ಲಾದರೂ ಸಂದರ್ಶನಕ್ಕೆ ಹೋದಾಗ "ಎಷ್ಟು ವರ್ಷದ ಅನುಭವ?" ಎಂಬ ಪ್ರಶ್ನೆಗೆ ಎರಡು ವರ್ಷ ಎನ್ನಬಹುದು, "ಯಾವ ಕಂಟ್ರೋಲರ್ ಬರುತ್ತದೆ, ಸೆಟ್ಟಿಂಗ್ ಬರುತ್ತದೆಯೇ?" ಎಂಬ ಪ್ರಶ್ನೆಗೆ ಮಾತ್ರ ತಡವರಿಸಬೇಕು. ಇಪ್ಪತ್ಮೂರರ ವಯಸ್ಸಿನವನಿಗೆ ಈ ಲೆಕ್ಕ ಚೆನ್ನಾಗಿಯೇ ಅರ್ಥವಾಗುತ್ತದೆ.

ಕೆಲಸದ ಸ್ವರೂಪಕ್ಕೂ ಕೆಲಸಗಾರನ ಮನಸ್ಸಿಗೂ ಇರುವ ನಂಟನ್ನು 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹ್ಯಾಕ್‌ಮನ್ ಮತ್ತು ಓಲ್ಡಮ್ ಐದು ಅಂಶಗಳಾಗಿ ಬಿಡಿಸಿ ಹೇಳಿದರು. ಕೆಲಸವು ಬಗೆಬಗೆಯ ಕೌಶಲ್ಯಗಳನ್ನು ಬೇಡುತ್ತದೆಯೇ, ಮಾಡುವವನಿಗೆ ಅದರ ಆದಿ ಅಂತ್ಯ ಕಾಣುತ್ತದೆಯೇ, ಅದರಿಂದ ಯಾರಿಗೆ ಏನು ಉಪಯೋಗ ಎಂಬುದು ತಿಳಿಯುತ್ತದೆಯೇ, ಹೇಗೆ ಮಾಡಬೇಕೆಂದು ನಿರ್ಧರಿಸಲು ಅವನಿಗೆ ಅವಕಾಶವಿದೆಯೇ, ಸರಿಯಾಗಿ ಮಾಡಿದೆನೋ ಇಲ್ಲವೋ ಎಂಬುದು ಆ ಕೆಲಸದಿಂದಲೇ ಗೊತ್ತಾಗುತ್ತದೆಯೇ ಎಂಬುವೇ ಆ ಐದು. ನಮ್ಮ ವಿಎಂಸಿ ಆಪರೇಟರನಿಗೆ ಈ ಐದರಲ್ಲಿ ಒಂದೂ ಪೂರ್ತಿಯಾಗಿ ದಕ್ಕಿಲ್ಲ. ಸ್ವೀಡನ್ನಿನ ವೋಲ್ವೊ ಕಂಪನಿ ಇದೇ ಕಾರಣಕ್ಕೆ, ಅಂದರೆ ಗೈರುಹಾಜರಿ ಮತ್ತು ಕೆಲಸ ಬಿಡುವವರ ಕಾಟ ತಾಳಲಾರದೆ, 1974ರಲ್ಲಿ ಕಾಲ್ಮಾರ್ ಎಂಬ ಊರಿನಲ್ಲಿ ಸಾಗುವ ಅಸೆಂಬ್ಲಿ ಲೈನಿನ ಬದಲು ಸಣ್ಣ ತಂಡಗಳೇ ಕಾರಿನ ಒಂದೊಂದು ದೊಡ್ಡ ಭಾಗವನ್ನು ಜೋಡಿಸುವ ಕಾರ್ಖಾನೆ ಕಟ್ಟಿತು. 1994ರಲ್ಲಿ ಅದು ಮುಚ್ಚಿತು. ಅದಕ್ಕೆ ಮಾರುಕಟ್ಟೆಯ ಕಾರಣಗಳೂ ಇದ್ದವು. ಆ ಪ್ರಯೋಗ ಗೆದ್ದಿತೋ ಸೋತಿತೋ ಎಂಬ ಚರ್ಚೆ ಇವತ್ತಿಗೂ ನಡೆದೇ ಇದೆ.

ಕೆಲಸದಲ್ಲಿ ವೈವಿಧ್ಯ ತರುವುದೆಂದರೆ ಜಾಗ ಬದಲಿಸುವುದು ಎಂದು ತಿಳಿದವರು ಬಹಳ. ಎರಡು ಗಂಟೆಗೊಮ್ಮೆ ಒಂದನೇ ಸ್ಟೇಷನ್ನಿನವರನ್ನು ನಾಲ್ಕಕ್ಕೂ ನಾಲ್ಕರವರನ್ನು ಒಂದಕ್ಕೂ ಕಳಿಸಿದರೆ ಹೆಗಲು, ಮಣಿಕಟ್ಟುಗಳ ನೋವು ಕಡಿಮೆಯಾಗುವುದು ನಿಜ, ಹಾಗಾಗಿ ಅದನ್ನು ಮಾಡಬೇಕಾದ್ದೇ. ಆದರೆ ಅಲ್ಲಿ ಸ್ಕ್ರೂ ಬಿಗಿಯುತ್ತಿದ್ದವರು ಇಲ್ಲಿ ಸ್ಟಿಕ್ಕರ್ ಅಂಟಿಸುತ್ತಾರೆ, ಅಷ್ಟೇ. ಅವರ ಕೌಶಲ್ಯ ಇದ್ದಲ್ಲೇ ಇರುತ್ತದೆ. ಜನರನ್ನು ಉಳಿಸಿಕೊಳ್ಳುವ ವೈವಿಧ್ಯವೆಂದರೆ ಆಪರೇಟರ್ ಸೆಟ್ಟಿಂಗ್ ಕಲಿಯುವುದು, ಸೆಟ್ಟರ್ ಪ್ರೋಗ್ರಾಂ ಓದಲು ಕಲಿಯುವುದು, ಇಬ್ಬರೂ ತಿಂಗಳಿಗೊಂದು ದಿನ ಕ್ವಾಲಿಟಿಯವರ ಪಕ್ಕ ಕೂತು ವಾಪಸ್ ಬಂದ ಪೀಸನ್ನು ಅಳೆದು ನೋಡುವುದು. ಅನೇಕ ಕಾರ್ಖಾನೆಗಳ ಗೋಡೆಯ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಎಂಬ ಹಾಳೆ ಇರುತ್ತದೆ. ಎಡಕ್ಕೆ ಹೆಸರುಗಳು, ಮೇಲಕ್ಕೆ ಕೆಲಸಗಳು, ಪ್ರತಿ ಚೌಕದಲ್ಲಿ ನಾಲ್ಕು ಭಾಗ ಮಾಡಿದ ಒಂದು ವೃತ್ತ. ಕಾಲು ತುಂಬಿದರೆ ಕಲಿಯುತ್ತಿದ್ದಾನೆ, ಅರ್ಧಕ್ಕೆ ಮೇಲ್ವಿಚಾರಣೆಯಲ್ಲಿ ಮಾಡುತ್ತಾನೆ, ಮುಕ್ಕಾಲಿಗೆ ತಾನೇ ಮಾಡುತ್ತಾನೆ, ಪೂರ್ತಿ ತುಂಬಿದರೆ ಇನ್ನೊಬ್ಬರಿಗೆ ಕಲಿಸಬಲ್ಲ ಎಂದರ್ಥ. ಬಹಳ ಕಡೆ ಅದು ಗ್ರಾಹಕ ಕಂಪನಿಯ ಆಡಿಟ್ ಬಂದಾಗಷ್ಟೇ ಹೊಸದಾಗಿ ಪ್ರಿಂಟ್ ಆಗುವ ಹಾಳೆ. ಅದನ್ನು ನಿಜವಾಗಿ ಬಳಸಿದರೆ ಯಾರು ಎಲ್ಲಿ ನಿಂತುಹೋಗಿದ್ದಾರೆ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಸಣ್ಣ ಘಟಕದ ಅಡಚಣೆ ಇಲ್ಲಿಂದಲೇ ಶುರುವಾಗುತ್ತದೆ. ಐದು ಯಂತ್ರಗಳಿರುವ ಕಡೆ ಸೆಟ್ಟರ್ ಹುದ್ದೆ ಒಂದೇ, ಅದರಲ್ಲಿ ಕೂತಿರುವವರು ಮಾಲೀಕರ ಭಾಮೈದ. ಐದೂ ಒಂದೇ ಬಗೆಯ ಯಂತ್ರ, ಗ್ರಾಹಕರೂ ಒಬ್ಬರೋ ಇಬ್ಬರೋ. ಕಲಿಸುವ ಮನಸ್ಸಿದ್ದರೂ ಕಲಿಸಲು ಒಳಗೆ ಇನ್ನೇನೂ ಉಳಿದಿಲ್ಲ. ದೊಡ್ಡ ಕಂಪನಿ ತನ್ನ ಒಳಗೇ ಹತ್ತು ವಿಭಾಗಗಳನ್ನು ತೋರಿಸಿ ಜನರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸಣ್ಣ ಕಾರ್ಖಾನೆಗೆ ಆ ಹತ್ತು ವಿಭಾಗಗಳು ಇರುವುದು ಅದೇ ಕೈಗಾರಿಕಾ ಪ್ರದೇಶದ ಬೇರೆ ಬೇರೆ ಗೇಟುಗಳ ಒಳಗೆ.

ಮುಯ್ಯಾಳಿನ ಲೆಕ್ಕ

ನೌಕರರ ಹಂಚಿಕೆ ನಮ್ಮ ಸೀಮೆಗೆ ತೀರ ಅಪರಿಚಿತವೇನಲ್ಲ. ನಾಟಿಗೆ, ಕೊಯ್ಲಿಗೆ ಮನೆಯಿಂದ ಮನೆಗೆ ಮುಯ್ಯಾಳು ಹೋಗುವ ಪದ್ಧತಿಯಲ್ಲಿ ಕೂಲಿ ದುಡ್ಡಿನ ಮಾತೇ ಇರುತ್ತಿರಲಿಲ್ಲ. ನೀವು ನಮಗೆ ಮೂರಾಳು ಬಂದಿದ್ದಿರಿ, ನಾವು ನಿಮಗೆ ಮೂರಾಳು ಬರುತ್ತೇವೆ ಎಂಬ ಲೆಕ್ಕ. ಕಾರ್ಖಾನೆಗಳ ಮಧ್ಯೆ ನಡೆಯುವ ಹಂಚಿಕೆಯಲ್ಲೂ ದಿನಕ್ಕೆ ದಿನದ ಲೆಕ್ಕ ಮುಖ್ಯವಾಗುತ್ತದೆ. ಒಂದು ಭೇದವನ್ನು ಮಾತ್ರ ಮರೆಯಬಾರದು. ಮುಯ್ಯಿಗೆ ಹೋಗುತ್ತಿದ್ದವರು ತಮ್ಮ ಮನೆಯ ಲೆಕ್ಕ ತೀರಿಸಲು ತಾವೇ ಹೋಗುತ್ತಿದ್ದರು. ಕಾರ್ಖಾನೆಯಲ್ಲಿ ಲೆಕ್ಕ ಇಬ್ಬರು ಮಾಲೀಕರ ನಡುವಿನದು, ಬೆವರು ಮೂರನೆಯವರದು. ಆದ್ದರಿಂದಲೇ ಇಲ್ಲಿ ಕಾಗದ ಪತ್ರ ಬೇಕಾಗುತ್ತದೆ.

ಹೊರದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ರೂಪಗಳಿವೆ. ಫ್ರಾನ್ಸಿನಲ್ಲಿ 1985ರ ಕಾನೂನು ಹಲವು ಉದ್ಯಮಗಳು ಸೇರಿ ಲಾಭರಹಿತ ಒಕ್ಕೂಟ ಕಟ್ಟಿಕೊಳ್ಳಲು ಅವಕಾಶ ಕೊಟ್ಟಿತು. ನೌಕರನನ್ನು ಆ ಒಕ್ಕೂಟವೇ ಕಾಯಂ ಆಗಿ ನೇಮಿಸಿಕೊಂಡು, ಸುಗ್ಗಿಯಲ್ಲಿ ತೋಟಕ್ಕೂ ಉಳಿದ ತಿಂಗಳುಗಳಲ್ಲಿ ಇನ್ನೊಂದು ಸದಸ್ಯ ಉದ್ಯಮಕ್ಕೂ ಕಳುಹಿಸುತ್ತದೆ; ಸಂಬಳ ಬಾಕಿ ಉಳಿದರೆ ಸದಸ್ಯರೆಲ್ಲರೂ ಜಂಟಿಯಾಗಿ ಹೊಣೆ. ಕೊರೊನಾ ಶುರುವಾದ 2020ರ ಫೆಬ್ರುವರಿಯಲ್ಲಿ ಚೀನಾದ ಹೆಮಾ ದಿನಸಿ ಸರಪಳಿಯು, ಬಾಗಿಲು ಮುಚ್ಚಿದ್ದ ಹೋಟೆಲುಗಳ ನೌಕರರನ್ನು ತಾತ್ಕಾಲಿಕವಾಗಿ ತನ್ನ ಮಳಿಗೆಗಳಿಗೆ ಪಡೆಯಿತು. ಮರು ತಿಂಗಳು ಜರ್ಮನಿಯಲ್ಲಿ ಮೆಕ್‌ಡೊನಾಲ್ಡ್ಸ್ ಮತ್ತು ಆಲ್ಡಿ ಇಂಥದ್ದೇ ಒಪ್ಪಂದ ಮಾಡಿಕೊಂಡವು.

ನಮಗೆ ಹೆಚ್ಚು ಪಾಠ ಕಲಿಸುವುದು ಜಪಾನ್. ವಸಂತನರಸಾಪುರದಲ್ಲಿ ಜಪಾನಿ ಕೈಗಾರಿಕಾ ಟೌನ್‌ಶಿಪ್‌ಗೆಂದೇ ಜಾಗ ಮೀಸಲಾಗಿರುವುದರಿಂದ ಈ ಪದ್ಧತಿ ಇಲ್ಲಿನವರಿಗೆ ಎಂದಾದರೂ ನೇರವಾಗಿ ಎದುರಾದೀತು. ಶುಕ್ಕೊ ಎಂದು ಕರೆಯುವ ಈ ಏರ್ಪಾಟಿನಲ್ಲಿ ನೌಕರ ತನ್ನ ಮೂಲ ಕಂಪನಿಯ ಹಾಜರಿಪಟ್ಟಿಯಲ್ಲಿ ಉಳಿದುಕೊಂಡೇ ಬೇರೆ ಕಂಪನಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದುಡಿಯುತ್ತಾನೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಉಕ್ಕು, ಹಡಗು ಕಟ್ಟುವ ಕಂಪನಿಗಳು ಜನರನ್ನು ಮನೆಗೆ ಕಳಿಸುವ ಬದಲು ಕಾರು ಕಂಪನಿಗಳಿಗೆ ಕಳಿಸಿದವು. 2020ರಲ್ಲಿ ವಿಮಾನಗಳು ನೆಲಕ್ಕಿಳಿದಾಗ ಎಎನ್‌ಎ ವಿಮಾನಯಾನ ಸಂಸ್ಥೆ ತನ್ನ ಸಿಬ್ಬಂದಿಯನ್ನು ಎಲೆಕ್ಟ್ರಾನಿಕ್ಸ್ ಮಳಿಗೆ, ಸೂಪರ್‌ಮಾರ್ಕೆಟ್‌ಗಳಿಗೆ ಕಳುಹಿಸಿತು. 2021ರಲ್ಲಿ ಅಲ್ಲಿನ ಸರ್ಕಾರ ಕಳಿಸುವವರಿಗೂ ಪಡೆಯುವವರಿಗೂ ಇದಕ್ಕೆಂದೇ ಸಹಾಯಧನ ಘೋಷಿಸಿತು. ಆದರೆ ಅದೇ ಜಪಾನಿನಲ್ಲಿ, ವಯಸ್ಸಾದವರನ್ನು ಅಂಗ ಸಂಸ್ಥೆಗೆ ಸಾಗಹಾಕಿ ಅಲ್ಲಿಂದಲೇ ನಿವೃತ್ತಿ ಮಾಡಿಸುವುದಕ್ಕೂ ಇದೇ ಬಾಗಿಲು ಬಳಕೆಯಾಗಿದೆ. ಹಿಂದಿರುಗುವ ತಾರೀಖು ಬರೆದಿದ್ದರೆ ಅದು ಕಲಿಕೆ, ಇಲ್ಲದಿದ್ದರೆ ಹೊರಹಾಕುವುದಕ್ಕೆ ಇನ್ನೊಂದು ಹೆಸರು ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಗೆರೆಯ ಸುತ್ತಲೇ ಇದೆ.

ಕಾನೂನು ಏನು ಹೇಳುತ್ತದೆ

ಮೊದಲು ಒಪ್ಪಿಗೆಯ ಪ್ರಶ್ನೆ. ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಸ್ಪಷ್ಟಪಡಿಸಿದಂತೆ, ನೌಕರನನ್ನು ಆತನ ಒಪ್ಪಿಗೆ ಇಲ್ಲದೆ ಒಬ್ಬ ಉದ್ಯೋಗದಾತನಿಂದ ಇನ್ನೊಬ್ಬನಿಗೆ ವರ್ಗಾಯಿಸುವಂತಿಲ್ಲ. ನೇಮಕಾತಿ ಪತ್ರದಲ್ಲಿ "ಕಂಪನಿ ಎಲ್ಲಿಗೆ ಬೇಕಾದರೂ ವರ್ಗಾಯಿಸಬಹುದು" ಎಂಬ ಸಾಲಿದೆ, ಅಷ್ಟು ಸಾಕು ಎಂದು ಭಾವಿಸಬಾರದು. ತನ್ನದೇ ಇನ್ನೊಂದು ಘಟಕಕ್ಕೆ ವರ್ಗ ಮಾಡುವುದು ಬೇರೆ, ಪರರ ಗೇಟಿನೊಳಗೆ ಕಳಿಸುವುದು ಬೇರೆ. ಪ್ರತಿ ಸಲವೂ ಜಾಗ, ಅವಧಿ, ಕೆಲಸ, ಹಿಂದಿರುಗುವ ದಿನಾಂಕಗಳನ್ನು ಬರೆದು ಸಹಿ ಪಡೆಯುವುದು ಒಳ್ಳೆಯದು.

ಎರಡನೆಯದು ಗುತ್ತಿಗೆ ಕಾರ್ಮಿಕರ ಪ್ರಶ್ನೆ. ಮಾಲೀಕರು ಹೆದರುವುದು ಇದಕ್ಕೇ. ಪಕ್ಕದ ಕಂಪನಿಗೆ ಜನ ಕಳಿಸಿದರೆ ನಾನು ಲೇಬರ್ ಕಂಟ್ರಾಕ್ಟರ್ ಆಗಿಬಿಡುತ್ತೇನೆಯೇ, ಲೈಸೆನ್ಸ್ ಬೇಕೇ? 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯು ಗುತ್ತಿಗೆ ಕಾರ್ಮಿಕ ಎಂದರೆ ಯಾರು ಎಂದು ಹೇಳುವಾಗಲೇ ಒಂದು ವರ್ಗವನ್ನು ಹೊರಗಿಟ್ಟಿದೆ. ಕಳುಹಿಸುವವರ ಬಳಿ ಅವರದೇ ಉದ್ಯಮದ ಚಟುವಟಿಕೆಗಾಗಿ ಕಾಯಂ ಆಗಿ ನೇಮಕಗೊಂಡಿದ್ದು, ಕಾಲಕಾಲಕ್ಕೆ ಸಂಬಳ ಬಡ್ತಿ, ಸಾಮಾಜಿಕ ಭದ್ರತೆ ಮತ್ತಿತರ ಸೌಲಭ್ಯಗಳನ್ನು ಪಡೆಯುತ್ತಿರುವವರು ಗುತ್ತಿಗೆ ಕಾರ್ಮಿಕರ ವ್ಯಾಖ್ಯೆಯೊಳಗೆ ಬರುವುದಿಲ್ಲ. ಬೇರೆ ಮಾತಿನಲ್ಲಿ ಹೇಳುವುದಾದರೆ, ಇಂಕ್ರಿಮೆಂಟ್, ಪಿಎಫ್ ಎಲ್ಲವೂ ಇರುವ ನಿಮ್ಮ ಸ್ವಂತ ಟರ್ನರನ್ನು ಎರಡು ತಿಂಗಳು ಪಕ್ಕದವರಿಗೆ ಕೊಟ್ಟರೆ ಒಂದು ಲೆಕ್ಕ. ಕಳಿಸುವುದಕ್ಕೆಂದೇ ಹತ್ತು ಜನರನ್ನು ದಿನಗೂಲಿಗೆ ಇಟ್ಟುಕೊಂಡರೆ ಅದು ಬೇರೆಯದೇ ಲೆಕ್ಕ. ಎರಡನೆಯದರಲ್ಲಿ ನೀವು ಕಂಟ್ರಾಕ್ಟರ್. ಐವತ್ತು ಅಥವಾ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ ಸಂಹಿತೆಯ ಗುತ್ತಿಗೆ ನಿಯಮಗಳೂ, ಮುಖ್ಯ ಉತ್ಪಾದನಾ ಕೆಲಸಕ್ಕೆ ಗುತ್ತಿಗೆಯವರನ್ನು ಹಚ್ಚುವುದರ ಮೇಲಿನ ನಿರ್ಬಂಧವೂ ಅನ್ವಯವಾಗುತ್ತವೆ. ಕೆಲಸಗಾರರನ್ನು ಉಳಿಸಿಕೊಳ್ಳುವ ಉದ್ದೇಶದ ಹಂಚಿಕೆಗೂ ಮುಖವಾಡ ಹಾಕಿದ ಗುತ್ತಿಗೆಗೂ ನಡುವಿನ ಗೆರೆಯನ್ನು ಕಾನೂನು ಹೀಗೆ ತಾನಾಗಿಯೇ ಎಳೆದಿದೆ. ಕೋಲಾರದ ಸೀಮೆಯಲ್ಲಿ ಈ ಗೆರೆಯ ಮಹತ್ವವನ್ನು ವಿವರಿಸಿ ಹೇಳಬೇಕಿಲ್ಲ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಭುಗಿಲೆದ್ದ ಗಲಭೆಗೆ ಮೂಲವಾದದ್ದು ಹೆಚ್ಚಾಗಿ ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದಿದ್ದವರ ಸಂಬಳದ ತಕರಾರು.

ಅಪಘಾತವಾದರೆ ಹೊಣೆ ಯಾರದು? ಎರವಲು ಹೋದ ಕೆಲಸಗಾರನನ್ನು ನಮ್ಮ ಕಾನೂನು ನೂರು ವರ್ಷಗಳ ಹಿಂದೆಯೇ ಕಂಡಿತ್ತು. 1923ರ ಕಾರ್ಮಿಕ ಪರಿಹಾರ ಕಾಯ್ದೆಯು, ನೌಕರನ ಸೇವೆಯನ್ನು ತಾತ್ಕಾಲಿಕವಾಗಿ ಇನ್ನೊಬ್ಬರಿಗೆ ಎರವಲು ಕೊಟ್ಟಾಗ, ಆ ಕೆಲಸದ ಅವಧಿಯಲ್ಲಿ ಎರವಲು ಪಡೆದವರನ್ನೇ ಉದ್ಯೋಗದಾತ ಎಂದು ಪರಿಗಣಿಸಬೇಕೆಂದಿತು. 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಯೂ ಎರವಲು ಬಂದವರನ್ನು ತನ್ನ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿತ್ತು. ಈಗ ಇವೆರಡೂ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿಹೋಗಿವೆ. ರೂಢಿಯಲ್ಲಿ ಸುಲಭವಾದ ದಾರಿಯೆಂದರೆ, ಪಿಎಫ್ ಮತ್ತು ಇಎಸ್‌ಐ ಕಂತುಗಳನ್ನು ಮೂಲ ಕಂಪನಿಯೇ ಎಂದಿನಂತೆ ಕಟ್ಟುತ್ತಾ ಹೋಗುವುದು, ಯಂತ್ರದ ಸುರಕ್ಷತೆ, ಕನ್ನಡಕ, ಶೂ, ಕೈಗವಸುಗಳ ಹೊಣೆಯನ್ನು ಪಡೆಯುವ ಕಂಪನಿ ಹೊರುವುದು. ಸಂಬಳ ತಿಂಗಳಿಗೆ ₹21,000 ದಾಟಿದ್ದರೆ ಇಎಸ್‌ಐ ಇರುವುದಿಲ್ಲವಾದ್ದರಿಂದ ಅಂಥವರಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸದೆ ಕಳಿಸಬಾರದು.

ಕೆಲಸದ ಅವಧಿಯ ಬಗ್ಗೆ ಒಂದು ಎಚ್ಚರಿಕೆ. ಬೆಳಿಗ್ಗೆ ನಮ್ಮಲ್ಲಿ ಒಂದು ಶಿಫ್ಟ್, ಸಂಜೆ ಅವರಲ್ಲಿ ಇನ್ನೊಂದು ಎಂಬ ಹಂಚಿಕೆ ನಡೆಯದು. ಒಂದು ಕಾರ್ಖಾನೆಯಲ್ಲಿ ದುಡಿದ ದಿನವೇ ಇನ್ನೊಂದರಲ್ಲಿ ದುಡಿಸುವುದನ್ನು 1948ರ ಕಾರ್ಖಾನೆ ಕಾಯ್ದೆಯೇ ನಿಷೇಧಿಸಿತ್ತು, ಹೊಸ ಸಂಹಿತೆ ಅದನ್ನು, ಒಂದರಲ್ಲಿ ದುಡಿದು ಹನ್ನೆರಡು ಗಂಟೆ ಕಳೆಯುವ ಮೊದಲು ಇನ್ನೊಂದರಲ್ಲಿ ದುಡಿಸುವಂತಿಲ್ಲ ಎಂಬ ಲೆಕ್ಕದಲ್ಲಿ ಮುಂದುವರಿಸಿದೆ. ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ ಎಂಬುದಕ್ಕೆ ತೊಂದರೆಯಿಲ್ಲ.

ಹಣದ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಬ್ಬ ಅನುಭವಿ ಫಿಟ್ಟರಿಗೆ ತಿಂಗಳಿಗೆ ₹26,000. ತಿಂಗಳಿಗೆ 26 ಕೆಲಸದ ದಿನ ಎಂದುಕೊಂಡರೆ ದಿನಕ್ಕೆ ಸಾವಿರ. ಇದರ ಮೇಲೆ ಪಿಎಫ್‌ನಲ್ಲಿ ಮಾಲೀಕರ ಪಾಲು ಮತ್ತು ಅದರ ಸಣ್ಣಪುಟ್ಟ ಶುಲ್ಕಗಳು ಸೇರಿ ಪಿಎಫ್ ಲೆಕ್ಕಕ್ಕೆ ಹಿಡಿಯುವ ಸಂಬಳದ ₹15,000ದ ಮಿತಿಯ ಮೇಲೆ ಶೇ 13, ಅಂದರೆ ₹1,950. ಮೂಲ ವೇತನ ₹15,000 ಎಂದಾದರೆ ಗ್ರಾಚ್ಯುಟಿಗೆಂದು ತಿಂಗಳಿಗೆ ಎತ್ತಿಡಬೇಕಾದದ್ದು ಸುಮಾರು ₹720. ಒಟ್ಟು ₹28,670, ದಿನಕ್ಕೆ ಸುಮಾರು ₹1,100. ರಜೆ ಸಂಬಳ, ಬಸ್ಸಿನ ಖರ್ಚು ಬೇರೆ. ಹತ್ತು ದಿನಕ್ಕೆ ಕಳಿಸಿದರೆ ಪಡೆಯುವ ಕಂಪನಿ ಕೊಡಬೇಕಾದದ್ದು ₹11,000.

ಇಲ್ಲಿಗೆ ಮುಗಿಯಿತು ಎನ್ನುವಾಗ ಜಿಎಸ್‌ಟಿ ಬರುತ್ತದೆ. ನೌಕರನು ತನ್ನ ಉದ್ಯೋಗದಾತನಿಗೆ ಮಾಡುವ ಕೆಲಸಕ್ಕೆ ಜಿಎಸ್‌ಟಿ ಇಲ್ಲ. ಆದರೆ ಒಂದು ಕಂಪನಿ ತನ್ನ ನೌಕರನನ್ನು ಇನ್ನೊಂದಕ್ಕೆ ಒದಗಿಸುವುದು ಮಾನವಶಕ್ತಿ ಪೂರೈಕೆ ಎಂಬ ಸೇವೆ, ಅದಕ್ಕೆ ಶೇ 18. ನಾವು ಲಾಭವಿಟ್ಟುಕೊಂಡಿಲ್ಲ, ಸಂಬಳವನ್ನಷ್ಟೇ ವಾಪಸ್ ಪಡೆದಿದ್ದೇವೆ ಎಂಬ ವಾದ ಸಹಜವಾಗಿ ಬಾಯಿಗೆ ಬರುತ್ತದೆ. ನಾರ್ದರ್ನ್ ಆಪರೇಟಿಂಗ್ ಸಿಸ್ಟಮ್ಸ್ ಎಂಬ ಬೆಂಗಳೂರಿನ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ, ವಿದೇಶಿ ಸಮೂಹ ಸಂಸ್ಥೆಯಿಂದ ನಿಯೋಜನೆಯ ಮೇಲೆ ಬಂದವರ ಸಂಬಳ ಮರುಪಾವತಿಯನ್ನು ಮಾನವಶಕ್ತಿ ಪೂರೈಕೆ ಎಂದೇ ಪರಿಗಣಿಸಿತು. ಅದು ಹಳೆಯ ಸೇವಾ ತೆರಿಗೆಯ ಕಾಲದ ಪ್ರಕರಣವಾದರೂ, ಅದನ್ನು ನೋಡಿಯೂ ಜಿಎಸ್‌ಟಿ ಇಲ್ಲವೆಂದು ಬರೆದುಕೊಂಡು ಹೋಗುವುದು ಜಾಣತನವಲ್ಲ. ₹11,000ಕ್ಕೆ ತೆರಿಗೆ ₹1,980. ಪಡೆಯುವ ಕಂಪನಿ ತೆರಿಗೆ ಇರುವ ಸರಕು ಮಾರುತ್ತಿದ್ದರೆ ಈ ₹1,980ನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಹಾಗಾಗಿ ಕೊನೆಗೆ ಹೊರೆಯಾಗದು. ಕೋಲಾರದಲ್ಲಿ ತಾಜಾ ತರಕಾರಿಯನ್ನು ವಿಂಗಡಿಸಿ ಮಾರುವಂಥ, ತೆರಿಗೆ ವಿನಾಯಿತಿಯ ಸರಕಷ್ಟೇ ಇರುವ ಘಟಕಕ್ಕೆ ಮಾತ್ರ ಅದು ಪೂರ್ತಿ ಖರ್ಚೇ. ಕಾಸು ಕೈ ಬದಲಾಗದ ಮುಯ್ಯಿಯ ಲೆಕ್ಕದಲ್ಲಿಯೂ, ಅಂದರೆ ನಮ್ಮವರು ಹತ್ತು ದಿನ ಅಲ್ಲಿ, ಅವರವರು ಹತ್ತು ದಿನ ಇಲ್ಲಿ ಎಂದಾಗಲೂ, ಎರಡೂ ಕಡೆಯಿಂದ ಬಿಲ್ ಮಾಡಬೇಕಾಗುತ್ತದೆ. ವಿನಿಮಯವೂ ಜಿಎಸ್‌ಟಿಯ ಕಣ್ಣಿಗೆ ಪೂರೈಕೆಯೇ.

ಒಳ್ಳೆಯ ಆಳನ್ನು ಯಾರು ಕಳಿಸುತ್ತಾರೆ?

ಕಾನೂನು ಮತ್ತು ತೆರಿಗೆಗಳು ಆಡಿಟರ ಮೇಜಿನ ಮೇಲೆ ಬಗೆಹರಿಯುವ ಸಂಗತಿಗಳು. ನಿಜವಾದ ಕಗ್ಗಂಟು ಸೂಪರ್‌ವೈಸರ ಮೇಜಿನ ಮೇಲಿದೆ. ಪಕ್ಕದವರು ಜನ ಕೇಳಿದರೆ ಯಾವ ಸೂಪರ್‌ವೈಸರೂ ತನ್ನ ಕೈ ಕೆಳಗಿನ ಅತ್ಯುತ್ತಮ ಕೆಲಸಗಾರನನ್ನು ಬಿಟ್ಟುಕೊಡುವುದಿಲ್ಲ. ಇಲ್ಲದಿದ್ದರೂ ನಡೆಯುತ್ತದೆ ಎನ್ನುವವರನ್ನು ಸಾಗಹಾಕುತ್ತಾನೆ. ಒಂದೆರಡು ಸುತ್ತು ಹೀಗಾದರೆ ಹೊರಗೆ ಹೋಗುವುದೆಂದರೆ ಶಿಕ್ಷೆ ಎಂಬ ಭಾವನೆ ಶಾಪ್ ಫ್ಲೋರಿನಲ್ಲಿ ಬೇರೂರುತ್ತದೆ, ಆಮೇಲೆ ಯಾವ ವಿವರಣೆಯೂ ಅದನ್ನು ಕೀಳಲಾರದು. ಆದ್ದರಿಂದ ಮೊದಲು ಕಳಿಸಬೇಕಾದದ್ದು ಎಲ್ಲರೂ ಮೆಚ್ಚುವ ಕೆಲಸಗಾರನನ್ನು, ಅದೂ ಕಲಿಯಲು ಏನಾದರೂ ಇರುವ ಜಾಗಕ್ಕೆ.

ಮಾಲೀಕರ ದೊಡ್ಡ ಭಯ, ಹೋದವನು ಅಲ್ಲೇ ಉಳಿದುಬಿಟ್ಟರೆ ಎಂಬುದು. ಇದಕ್ಕೆ ಪ್ರದೇಶದ ಕಂಪನಿಗಳೆಲ್ಲ ಸೇರಿ "ಒಬ್ಬರ ಜನರನ್ನು ಇನ್ನೊಬ್ಬರು ತೆಗೆದುಕೊಳ್ಳಬಾರದು" ಎಂದು ನಿರ್ಣಯ ಮಾಡಿಕೊಳ್ಳುವ ಆಲೋಚನೆ ಬರುವುದುಂಟು. ಅಂಥ ಒಪ್ಪಂದ ಸ್ಪರ್ಧಾ ಕಾಯ್ದೆಯ ಕಣ್ಣಿಗೆ ಬೀಳಬಹುದಾದದ್ದು, ಅದಕ್ಕಿಂತ ಮುಖ್ಯವಾಗಿ, ಕೆಲಸಗಾರನ ಬೆನ್ನ ಹಿಂದೆ ಅವನ ಬೆಲೆ ನಿಗದಿ ಮಾಡುವಂಥದ್ದು. ಕೆಲಸ ಬಿಟ್ಟ ಮೇಲೂ ಬೇರೆಡೆ ದುಡಿಯದಂತೆ ಕಟ್ಟಿಹಾಕುವ ಕರಾರು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಊರ್ಜಿತವಲ್ಲ. ತರಬೇತಿಗೆ ನಿಜವಾಗಿ ಖರ್ಚು ಮಾಡಿದ್ದರೆ ಇಷ್ಟು ಕಾಲ ಇರಬೇಕು, ಇಲ್ಲವೇ ಇಷ್ಟು ತುಂಬಿಕೊಡಬೇಕು ಎಂಬ ಬಾಂಡ್ ಮಾತ್ರ ಬೇರೆ. ಬ್ಯಾಂಕೊಂದರ ಅಧಿಕಾರಿ ಮೂರು ವರ್ಷಕ್ಕೆ ಮೊದಲೇ ಬಿಟ್ಟುಹೋದಾಗ ಕಟ್ಟಬೇಕಾದ ₹2 ಲಕ್ಷದ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಬಾಂಡ್ ಹಾಕಿಸಿಕೊಂಡು ಉಳಿಸಿಕೊಂಡವನಿಂದ ಎಂಥ ಕೆಲಸ ಬರುತ್ತದೆ ಎಂಬುದನ್ನು ಮಾತ್ರ ಯಾವ ಕೋರ್ಟೂ ಹೇಳಲಾರದು. ಇದಕ್ಕಿಂತ ವಾಸಿಯಾದದ್ದು, ಕಳಿಸುವ ಮುನ್ನವೇ ಹಿಂದಿರುಗಿದಾಗ ಸಿಗುವ ದರ್ಜೆ ಮತ್ತು ಸಂಬಳವನ್ನು ಆ ಪತ್ರದಲ್ಲೇ ಬರೆದುಕೊಡುವುದು.

ಹಂಚಿಕೆ ಎಲ್ಲಿ ಹೊಂದುತ್ತದೆ? ಒಂದೇ ಗ್ರಾಹಕನಿಗೆ ಒಂದೇ ಬಗೆಯ ಭಾಗ ಪೂರೈಸುವ ಇಬ್ಬರ ನಡುವೆ ಹೊಂದುವುದಿಲ್ಲ; ಡ್ರಾಯಿಂಗ್, ದರಗಳ ಗುಟ್ಟು ಅಲ್ಲಿ ಅಡ್ಡ ಬರುತ್ತದೆ. ಬೇರೆ ಬೇರೆ ಸರಕು, ಬೇರೆ ಬೇರೆ ಕಾಲದ ಒತ್ತಡ ಇರುವವರ ನಡುವೆ ಚೆನ್ನಾಗಿ ಹೊಂದುತ್ತದೆ. ಶ್ರೀನಿವಾಸಪುರದ ಸೀಮೆಯ ಮಾವು ಮೇ ತಿಂಗಳಿಂದ ಜುಲೈವರೆಗೆ ಒಟ್ಟಿಗೆ ಬಂದು ಬೀಳುತ್ತದೆ, ಪಲ್ಪ್ ತೆಗೆಯುವ ಘಟಕಗಳು ಆ ಮೂರು ತಿಂಗಳು ಹಗಲು ರಾತ್ರಿ ಓಡುತ್ತವೆ. ಆ ದಿನಗಳಲ್ಲಿ ಒಂದು ಪಂಪಿನ ಸೀಲ್ ಹೋಗಿ ಲೈನ್ ನಿಂತರೆ ಅಂಗಳದಲ್ಲಿ ಹಣ್ಣು ಕೊಳೆಯುತ್ತದೆ, ಆದ್ದರಿಂದ ಒಳ್ಳೆಯ ಫಿಟ್ಟರ್, ಎಲೆಕ್ಟ್ರಿಷಿಯನ್, ಪ್ರಮಾಣಪತ್ರವಿರುವ ಬಾಯ್ಲರ್ ಅಟೆಂಡೆಂಟ್ ಅವರಿಗೆ ಬಂಗಾರ. ಉಳಿದ ಒಂಬತ್ತು ತಿಂಗಳು ಅದೇ ಜನರಿಗೆ ಕೊಡಲು ಅಷ್ಟು ಕೆಲಸವಿರುವುದಿಲ್ಲ. ತುಮಕೂರಿನ ಹುಣಸೆ ಸುಗ್ಗಿ ಫೆಬ್ರುವರಿಯಿಂದ ಏಪ್ರಿಲ್ ಆಸುಪಾಸು, ವಾಹನ ಬಿಡಿಭಾಗದವರ ಒತ್ತಡ ದಸರಾ ದೀಪಾವಳಿಗೆ ಮುಂಚಿನ ತಿಂಗಳುಗಳಲ್ಲಿ. ಯಂತ್ರಭಾಗದ ಘಟಕದ ನಿರ್ವಹಣಾ ಫಿಟ್ಟರ್ ಒಬ್ಬ ಬೇಸಿಗೆಯಲ್ಲಿ ಆರು ವಾರ ಆಹಾರ ಘಟಕದಲ್ಲಿ ದುಡಿದರೆ ಸ್ಟೇನ್‌ಲೆಸ್ ಸ್ಟೀಲ್ ಪೈಪ್‌ಲೈನು, ಹಬೆ, ಶುಚಿತ್ವದ ನಿಯಮಗಳು ಇವನ್ನೆಲ್ಲ ಕಲಿತು ಬರುತ್ತಾನೆ; ಅವರ ಎಲೆಕ್ಟ್ರಿಷಿಯನ್ ಮಳೆಗಾಲದ ನಂತರ ಇಲ್ಲಿಗೆ ಬಂದರೆ ಸರ್ವೊ ಡ್ರೈವ್, ಪಿಎಲ್‌ಸಿಗಳಂಥ ಯಂತ್ರ ನಿಯಂತ್ರಕಗಳನ್ನು ಮುಟ್ಟುತ್ತಾನೆ.

ದೂರ ಮಾತ್ರ ಹತ್ತಿರವಿರಬೇಕು. ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಸಾವಿರಾರು ಜನ ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವುದನ್ನು ಕಂಡವರಿಗೆ, ಪ್ರಯಾಣವೆಂಬುದು ಸಂಬಳದಿಂದ ಕಳೆದುಹೋಗುವ ಎರಡು ಶಿಫ್ಟ್ ಎಂದು ಗೊತ್ತು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಯುವತಿಯರ ವಿಷಯದಲ್ಲಿ ಇದು ಇನ್ನೂ ನಿಜ. ಕಂಪನಿ ಬಸ್ ಹಳ್ಳಿಯ ಕ್ರಾಸಿಗೆ ಬರುತ್ತದೆ ಎಂಬ ಒಂದೇ ಭರವಸೆಯ ಮೇಲೆ ಮನೆಯವರು ಕೆಲಸಕ್ಕೆ ಕಳಿಸಿರುತ್ತಾರೆ. ಬಸ್ಸಿಲ್ಲದ ಎರಡನೆಯ ಕಾರ್ಖಾನೆಗೆ ಹೋಗು ಎಂದರೆ ಆಕೆ ಕೆಲಸವನ್ನೇ ಬಿಡಬೇಕಾದೀತು. ಹೀಗೆ ಹೊರಗೆ ಹೋಗುವ ಅವಕಾಶ ಗಂಡಸರಿಗಷ್ಟೇ ಸಿಕ್ಕಿ, ಬಡ್ತಿಯೂ ಅವರಿಗಷ್ಟೇ ದಕ್ಕುವ ಅಪಾಯ ನಿಜವಾದದ್ದು. ಹೋದ ಜಾಗದಲ್ಲಿ ಕ್ಯಾಂಟೀನಿನ ಟೋಕನ್, ಲಾಕರ್, ಗೇಟಿನಲ್ಲಿ ಪ್ರತಿದಿನ ಬ್ಯಾಗ್ ಬಿಚ್ಚಿಸುವುದು ಮುಂತಾದ ಚಿಕ್ಕ ವಿಷಯಗಳಲ್ಲಿ ಹೊರಗಿನವರು ಎಂಬ ಭೇದ ಮಾಡಿದರೆ ಎರಡನೆಯ ವಾರಕ್ಕೇ ವಾಪಸ್ ಕರೆಸಿಕೊಳ್ಳಿ ಎಂಬ ಫೋನ್ ಬರುತ್ತದೆ.

ಕಾಯಂ ನೌಕರರಿಂದಲೇ ಶುರು ಮಾಡಲು ಅಳುಕಿದ್ದರೆ ಅಪ್ರೆಂಟಿಸ್‌ಗಳಿಂದ ಶುರು ಮಾಡಬಹುದು. ಹಲವು ಉದ್ಯೋಗದಾತರು ಒಟ್ಟಾಗಿ ತಮ್ಮ ಅಪ್ರೆಂಟಿಸ್‌ಗಳಿಗೆ ತರಬೇತಿ ಕೊಡುವುದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ 8ನೇ ಕಲಮಿನಲ್ಲೇ ಅವಕಾಶವಿದೆ. ಆದರೂ ಇದನ್ನು ಬಳಸಿದವರು ನಮ್ಮ ಕಡೆ ಕಾಣಸಿಗುವುದಿಲ್ಲ. ಮೂವತ್ತು ಮತ್ತು ಹೆಚ್ಚು ಜನರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ನಾಲ್ಕರಿಂದ ಇಪ್ಪತ್ತೊಂಬತ್ತು ಜನರಿರುವವು ಇಚ್ಛೆಪಟ್ಟರೆ ತೆಗೆದುಕೊಳ್ಳಬಹುದು. ಒಂದೇ ರಸ್ತೆಯ ಮೂರು ಘಟಕಗಳು, ಒಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರಗಳು), ಇನ್ನೊಂದರಲ್ಲಿ ಶೀಟ್ ಮೆಟಲ್ ಮತ್ತು ವೆಲ್ಡಿಂಗ್, ಮೂರನೆಯದರಲ್ಲಿ ಹೀಟ್ ಟ್ರೀಟ್‌ಮೆಂಟ್, ಆರು ಅಪ್ರೆಂಟಿಸ್‌ಗಳನ್ನು ನಾಲ್ಕು ನಾಲ್ಕು ತಿಂಗಳು ತಿರುಗಿಸಿದರೆ ವರ್ಷದ ಕೊನೆಗೆ ಒಂದು ಬಿಡಿಭಾಗ ಹೇಗೆ ಹುಟ್ಟಿ ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಪೂರ್ತಿಯಾಗಿ ಕಂಡ ಆರು ಜನ ಸಿಗುತ್ತಾರೆ. ಆಗ ಮೂವರು ಮಾಲೀಕರಿಗೂ ಪರಸ್ಪರ ಬಿಲ್ ಮಾಡಿ, ಹಾಜರಿ ಹಂಚಿಕೊಂಡು, ಜಗಳವಾಡಿ ಅಭ್ಯಾಸವೂ ಆಗಿರುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವರು ಹೋಗುತ್ತಾರೆ. ಹೊರಗೆ ಹೋಗಿ ಐದು ಅಕ್ಷದ ಯಂತ್ರ ನಡೆಸಲು ಕಲಿತು ಬಂದವನಿಗೆ ಮೂಲ ಕಂಪನಿಯಲ್ಲಿ ಅಂಥ ಯಂತ್ರವೇ ಇಲ್ಲದಿದ್ದರೆ, ಮತ್ತೆ ಅದೇ ಹಸಿರು ಗುಂಡಿಯ ಮುಂದೆ ನಿಲ್ಲಿಸಿದರೆ, ಮೊದಲಿಗಿಂತ ಬೇಗ ಹೊರಟುಬಿಡುತ್ತಾನೆ. ಯಾವ ಕೌಶಲ್ಯಕ್ಕೆ ತಮ್ಮಲ್ಲಿ ಮುಂದಿನ ಒಂದೆರಡು ವರ್ಷದಲ್ಲಿ ಕೆಲಸವಿದೆ ಎಂಬುದನ್ನು ಮೊದಲು ನೋಡಿ, ಅದನ್ನು ಕಲಿಸಬಲ್ಲ ಗೇಟಿಗೆ ಕಳಿಸಬೇಕೇ ಹೊರತು, ಯಾರು ಕೇಳಿದರೋ ಅವರಿಗೆ ಕಳಿಸಬಾರದು.